ಕಡಿಮೆ ಖರ್ಚಿನಲ್ಲಿ ಟರ್ಬೊ: ದಿಂಬಂ ಘಾಟಿಯ ಲೆಕ್ಕ

ಬಣ್ಣಾರಿ ಅಮ್ಮನ ಗುಡಿ ದಾಟಿ ಚೆಕ್‌ಪೋಸ್ಟ್ ಬಿಟ್ಟ ಮೇಲೆ ರಸ್ತೆ ಒಂದೇ ಸಮನೆ ಏರತೊಡಗುತ್ತದೆ. 27 ಹೇರ್‌ಪಿನ್ ತಿರುವುಗಳು. ಸುಮಾರು 1,100 ಮೀಟರ್ ಎತ್ತರದ ದಿಂಬಂ ಮುಟ್ಟುವವರೆಗೆ ಎಂಜಿನ್ನಿಗೆ ಬಿಡುವಿಲ್ಲ. ಕೊಯಮತ್ತೂರಿನಿಂದ ತಾಳವಾಡಿಗೆ ಮರಳುವ ಹಳೆಯ ಪೆಟ್ರೋಲ್ ಕಾರಿನಲ್ಲಿ ಮನೆಮಂದಿಯೆಲ್ಲ ಕೂತು, ಎ.ಸಿ. ಬೇರೆ ಹಾಕಿದ್ದರೆ ಎರಡನೇ ಗೇರು ಬಿಟ್ಟು ಮೇಲಕ್ಕೆ ಹೋಗಲು ಆಗುವುದಿಲ್ಲ. ಅದೇ ಏರಿನಲ್ಲಿ, ಮಾರುಕಟ್ಟೆಗೆ ಕೋಸು ಹಾಕಿ ಖಾಲಿ ಕ್ರೇಟು ಹೇರಿಕೊಂಡು ಬರುವ ಬೊಲೆರೊ ಪಿಕಪ್ ಅದನ್ನು ಹಿಂದಿಕ್ಕಿ ಸಲೀಸಾಗಿ ಮುಂದೆ ಸಾಗುತ್ತದೆ. ಪಿಕಪ್‌ನ ಬಾನೆಟ್ಟಿನ ಕೆಳಗೆ ಟರ್ಬೊ ಇದೆ, ಕಾರಿನಲ್ಲಿ ಇಲ್ಲ.

ಇದನ್ನು ದಿನವೂ ನೋಡುವ ಹುಡುಗರಿಗೆ ತಮ್ಮ ಕಾರಿಗೂ ಒಂದು ಟರ್ಬೊ ಕೂರಿಸುವ ಆಸೆ ಹುಟ್ಟುವುದು ಸಹಜ. ಗುಜರಿಯಲ್ಲಿ ಹಳೆಯ ಟರ್ಬೊ ಸಿಗುತ್ತದೆ. ಘಾಟಿ ಇಳಿದು ಸತ್ಯಮಂಗಲ, ಪುಳಿಯಂಪಟ್ಟಿ, ಅನ್ನೂರು ದಾಟಿದರೆ ಕೊಯಮತ್ತೂರು. ಅಲ್ಲಿ ಲೇತಿಗೂ ವೆಲ್ಡಿಂಗಿಗೂ ಕೊರತೆಯಿಲ್ಲ. ಆದರೆ ಲೆಕ್ಕ ಬರೆಯಲು ಕೂತಾಗ ಮೊದಲು ತಿಳಿಯಬೇಕಾದ್ದು ಇದು: ಇಡೀ ಕೆಲಸದಲ್ಲಿ ಅಗ್ಗಕ್ಕೆ ಸಿಗುವ ಸಾಮಾನು ಎಂದರೆ ಟರ್ಬೊ ಒಂದೇ. ದುಡ್ಡು ಹೋಗುವುದು, ಹೋಗಲೇಬೇಕಾದ್ದು, ಅದರ ಸುತ್ತಲಿನ ಇಂಧನ, ತಂಪು, ಆಯಿಲ್ ಮತ್ತು ಅಳತೆಗೆ. ಅಲ್ಲಿ ಕೈ ಬಿಗಿಹಿಡಿದವರ ಎಂಜಿನ್ ಬೇಗ ಬೋರಿಗೆ ಬರುತ್ತದೆ.

ಟರ್ಬೊ ಎಂದರೆ ಒಂದೇ ಕಡ್ಡಿಯ ಎರಡು ತುದಿಗೆ ಎರಡು ಚಕ್ರ. ಸೈಲೆನ್ಸರಿನ ಕಡೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಕುಲುಮೆಗೆ ತಿದಿ ಹೇಗೋ ಎಂಜಿನ್ನಿಗೆ ಇದು ಹಾಗೆ, ಆದರೆ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಇದರ ಪೇಟೆಂಟ್ ಪಡೆದದ್ದು 1905ರಲ್ಲಿ. ಇದರ ಶಕ್ತಿ ಜಗತ್ತಿಗೆ ಗೊತ್ತಾದದ್ದೂ ಒಂದು ಬೆಟ್ಟದ ಮೇಲೆಯೇ. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫೋರ್ಡ್ ಮಾಸ್ ಎಂಬಾತ ವಿಮಾನದ ಲಿಬರ್ಟಿ ಎಂಜಿನ್ನನ್ನು ಅಮೆರಿಕದ ಪೈಕ್ಸ್ ಪೀಕ್ ಶಿಖರಕ್ಕೆ, 14,000 ಅಡಿಗೂ ಮೇಲಕ್ಕೆ ಹೊತ್ತೊಯ್ದ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ 230ಕ್ಕೆ ಕುಸಿಯಿತು. ಟರ್ಬೊ ಜೋಡಿಸಿದಾಗ 356 ಕೊಟ್ಟಿತು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಟರ್ಬೊ ಆ ಕೊರತೆಯನ್ನು ತುಂಬುತ್ತದೆ. ದಿಂಬಂನಲ್ಲಿ ನಡೆಯುವುದೂ ಅದೇ, ಸಣ್ಣ ಪ್ರಮಾಣದಲ್ಲಿ.

ಸಾಮಾನು ಕೊಳ್ಳುವ ಮೊದಲು ಕಾನೂನಿನ ಮಾತು ಮುಗಿಸಿಬಿಡಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು, ಅನುಮತಿಯಿಲ್ಲದೆ ವಾಹನ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಸಿಎನ್‌ಜಿ ಕಿಟ್ಟಿಗೆ ನಿಯಮದಲ್ಲಿ ಅನುಮೋದನೆಯ ದಾರಿ ಇದೆ. ಮನೆಯಲ್ಲಿ ಜೋಡಿಸಿದ ಟರ್ಬೊಗೆ ಅಂಥ ದಾರಿಯಿಲ್ಲ. ನಂಬರು ಗೋಪಿಚೆಟ್ಟಿಪಾಳ್ಯದ ಟಿಎನ್ 36 ಇರಲಿ, ಚಾಮರಾಜನಗರದ ಕೆಎ 10 ಇರಲಿ, ಕಾಯ್ದೆ ಒಂದೇ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಿಸುವಾಗ ಬಾನೆಟ್ ತೆಗೆದು ನೋಡುತ್ತಾರೆ. ಅಪಘಾತವಾದಾಗ, ತಿಳಿಸದೆ ಮಾಡಿದ ಬದಲಾವಣೆಯನ್ನು ಮುಂದಿಟ್ಟು ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು. ಎದುರಿನವನಿಗೆ ಪೆಟ್ಟಾಗಿದ್ದರೆ ಆ ಹೊಣೆ ಕೊನೆಗೆ ಮನೆಯ ಮೇಲೆಯೇ ಬೀಳಬಹುದು.

ಹಾಗಾಗಿ ಈ ಕೆಲಸಕ್ಕೆ ಇಳಿಯುವವರು ಮೊದಲ ದಿನವೇ ಒಂದು ತೀರ್ಮಾನಕ್ಕೆ ಬರಬೇಕು. ಹಳೆಯ ಕಾರೊಂದನ್ನು ರಸ್ತೆಯಿಂದ ಹೊರತೆಗೆದು ಕಲಿಕೆಗೂ ಟ್ರ್ಯಾಕಿಗೂ ಮೀಸಲಿಡುವುದಾದರೆ ಟರ್ಬೊ ಯೋಜನೆಗೆ ಅರ್ಥವಿದೆ. ಅದಕ್ಕೆ ಹತ್ತಿರದ ಜಾಗವೂ ಇದೆ: ಕೊಯಮತ್ತೂರಿನ ಚೆಟ್ಟಿಪಾಳ್ಯದಲ್ಲಿ 2003ರಲ್ಲಿ ಶುರುವಾದ ಕರಿ ಮೋಟಾರ್ ಸ್ಪೀಡ್‌ವೇ. ರೇಸ್ ಕಾರುಗಳನ್ನು ಇಲ್ಲೇ ಅಗ್ಗವಾಗಿ ಕಟ್ಟಿ ನೂರಾರು ಹುಡುಗರನ್ನು ಈ ಆಟಕ್ಕೆ ತಂದ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕಿದೆ. ದಿನನಿತ್ಯ ಘಾಟಿ ಹತ್ತುವ ಮನೆಯ ಕಾರೇ ಬೇಕು ಎನ್ನುವವರಿಗೆ ಕಾರ್ಖಾನೆಯಲ್ಲೇ ಟರ್ಬೊ ಪಡೆದ ಹಳೆಯ ಕಾರು ಕೊಳ್ಳುವುದು ಸರಿಯಾದ ದಾರಿ. ಮುಂದಿನ ಲೆಕ್ಕ ಇಬ್ಬರಿಗೂ ಬೇಕಾಗುತ್ತದೆ.

ಶಕ್ತಿಯನ್ನು ಎಷ್ಟು ಏರಿಸಬೇಕು ಎಂಬುದಕ್ಕೆ ಕೊಯಮತ್ತೂರಿನಲ್ಲೇ ಒಂದು ಒಳ್ಳೆಯ ಪಾಠ ಸಿಗುತ್ತದೆ. ರೇಸ್ ಚಾಲಕ ಜೆ. ಆನಂದ್ ಅವರ ಜಯೆಂ ಆಟೊಮೋಟಿವ್ಸ್ ಮತ್ತು ಟಾಟಾ ಮೋಟಾರ್ಸ್ ಒಟ್ಟಾಗಿ 2018ರ ಅಕ್ಟೋಬರಿನಲ್ಲಿ ಟಿಯಾಗೊ ಜೆಟಿಪಿ, ಟಿಗೋರ್ ಜೆಟಿಪಿ ಕಾರುಗಳನ್ನು ಮಾರುಕಟ್ಟೆಗೆ ತಂದವು. ಮಾಮೂಲಿ ಪೆಟ್ರೋಲ್ ಟಿಯಾಗೊದ್ದು 1.2 ಲೀಟರ್ ಎಂಜಿನ್, 85 ಪಿಎಸ್ ಶಕ್ತಿ, 114 ಎನ್‌ಎಂ ಟಾರ್ಕ್. ಜೆಟಿಪಿಯಲ್ಲಿ 1.2 ಲೀಟರ್ ಟರ್ಬೊ ಎಂಜಿನ್, 114 ಪಿಎಸ್, 150 ಎನ್‌ಎಂ. ಅಂದರೆ ಏರಿಕೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು, ಅಷ್ಟೇ. ಅಷ್ಟಕ್ಕೇ ಅವರು ಗೇರ್ ಅನುಪಾತ ಬದಲಿಸಿದರು, ಸಸ್ಪೆನ್ಷನ್ ಬಿಗಿ ಮಾಡಿ ಕಾರನ್ನು ಒಂದಿಷ್ಟು ತಗ್ಗಿಸಿದರು, 15 ಇಂಚಿನ ಚಕ್ರಕ್ಕೆ ಅಗಲ ಟೈರು ಹಾಕಿದರು, ಎಕ್ಸಾಸ್ಟ್ ಬೇರೆ ಮಾಡಿದರು. ಎಂಜಿನಿಯರುಗಳ ತಂಡ, ಶಕ್ತಿ ಅಳೆಯುವ ಡೈನೊ, ಟ್ರ್ಯಾಕು ಎಲ್ಲ ಇದ್ದವರು ಇಷ್ಟಕ್ಕೆ ನಿಂತರು. ಇದೇ ಸಾಮರ್ಥ್ಯದ ಟರ್ಬೊ ಎಂಜಿನ್ ನೆಕ್ಸಾನ್‌ನಲ್ಲಿ 170 ಎನ್‌ಎಂ ಕೊಡುತ್ತಿತ್ತು ಎಂಬುದನ್ನು ನೆನೆದರೆ, ಇಲ್ಲಿ ಅವರು ಎಷ್ಟು ಹಿಡಿತದಲ್ಲಿಟ್ಟರು ಎಂಬುದು ತಿಳಿಯುತ್ತದೆ. ಮನೆಯಲ್ಲಿ ಜೋಡಿಸುವವರು ಶಕ್ತಿಯನ್ನು ಇಮ್ಮಡಿ ಮಾಡುವ ಮಾತಾಡಿದರೆ ಗೇರ್‌ಬಾಕ್ಸೂ ಕ್ಲಚ್ಚೂ ಮೊದಲು ಉತ್ತರ ಕೊಡುತ್ತವೆ.

ಈಗ ಗಾಳಿಯ ಲೆಕ್ಕ. 1,298 ಸಿಸಿಯ ಹಳೆಯ ಮಾರುತಿ ಎಸ್ಟೀಮ್ ಎಂಪಿಎಫ್‌ಐ ಕಾರನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದ ಗಾಳಿ ಎಳೆಯುತ್ತದೆ. 6,000 ಆರ್‌ಪಿಎಂನಲ್ಲಿ ಅದು ನಿಮಿಷಕ್ಕೆ 3,894 ಲೀಟರ್. ನಿಜದಲ್ಲಿ ಅದರ 85 ಶೇಕಡಾ ತುಂಬುತ್ತದೆ ಎಂದುಕೊಂಡರೆ ಸುಮಾರು 3,310 ಲೀಟರ್, ತೂಕದಲ್ಲಿ 3.85 ಕಿಲೊ ಗಾಳಿ. ಪೆಟ್ರೋಲ್ ಎಂಜಿನ್ನಿನಲ್ಲಿ ನಿಮಿಷಕ್ಕೆ ಒಂದು ಕಿಲೊ ಗಾಳಿಗೆ ಸುಮಾರು 22 ಅಶ್ವಶಕ್ತಿ ಎಂಬುದು ಈ ಕಸುಬಿನ ಅಂದಾಜು. ಗುಣಿಸಿದರೆ 85 ಬರುತ್ತದೆ. ಕಂಪನಿ ಹೇಳಿದ ಸಂಖ್ಯೆಯೂ 85. ಲೆಕ್ಕ ದಾರಿಯಲ್ಲಿದೆ ಎಂದಾಯಿತು.

ದಿಂಬಂನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ 1.01 ಬಾರ್‌ನಿಂದ 0.89 ಬಾರ್‌ಗೆ ಇಳಿದಿರುತ್ತದೆ. ಮೇಲಿನ ಗಾಳಿ ತಂಪಾಗಿರುವುದರಿಂದ ನಷ್ಟ ಸ್ವಲ್ಪ ಕಡಿಮೆ. ಆದರೂ ಎಂಜಿನ್ನಿನ 85ರಲ್ಲಿ ಉಳಿಯುವುದು 76ರ ಆಸುಪಾಸು. ಇನ್ನು ಟರ್ಬೊದಿಂದ 0.4 ಬಾರ್ ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ) ಕೊಟ್ಟು, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನಿಂದ ಅದನ್ನು 50 ಡಿಗ್ರಿಗೆ ಇಳಿಸಿದರೆ ಬಯಲಿನಲ್ಲಿ ಸುಮಾರು 110, ದಿಂಬಂನಲ್ಲಿ ಸುಮಾರು 103. ಬೆಟ್ಟದ ಮೇಲೆ ಸಿಗುವ ಲಾಭ 27 ಅಶ್ವಶಕ್ತಿ. ಇದು ಘಾಟಿಗೆ ಧಾರಾಳವಾಯಿತು. 0.4 ಬಾರ್ ಮೀರಿದರೆ ಪಿಸ್ಟನ್, ಗ್ಯಾಸ್ಕೆಟ್, ಕ್ಲಚ್ ಎಲ್ಲವೂ ಹೊಸ ಖರ್ಚಿನ ಪಟ್ಟಿಗೆ ಸೇರುತ್ತವೆ.

ಎತ್ತರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆಳಗೆ 0.4 ಬಾರ್ ಎಂದರೆ ಗಾಳಿಯನ್ನು 1.4 ಪಟ್ಟು ಒತ್ತುವುದು. ದಿಂಬಂನಲ್ಲಿ ಅದೇ 0.4 ಬಾರ್‌ಗೆ 1.45 ಪಟ್ಟು ಒತ್ತಬೇಕು. ಟರ್ಬೊ ಅಲ್ಲಿ ಹೆಚ್ಚು ವೇಗವಾಗಿ ತಿರುಗುತ್ತದೆ. ಬಯಲಿನಲ್ಲಿ ಅಂಚಿಗೆ ಬಂದು ನಿಲ್ಲುವ ಟರ್ಬೊ ಬೆಟ್ಟದ ಮೇಲೆ ಅಂಚು ದಾಟಿ ಹೋಗುತ್ತದೆ.

ಹಾಗೆಂದು ದೊಡ್ಡ ಟರ್ಬೊ ಹಾಕಿದರೆ ಕೆಲಸ ಕೆಡುತ್ತದೆ. ಹೇರ್‌ಪಿನ್ ತಿರುವಿನಿಂದ ಕಾರು ಹೊರಬರುವಾಗ ಎಂಜಿನ್ 1,500ರಿಂದ 2,000 ಆರ್‌ಪಿಎಂನಲ್ಲಿರುತ್ತದೆ. ಆ ಹೊತ್ತಿನ ಹೊಗೆ ದೊಡ್ಡ ಚಕ್ರವನ್ನು ತಿರುಗಿಸಲಾರದು. ಬೂಸ್ಟ್ ಏರುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ರಸ್ತೆ ಕಾರಿಗೆ ಸಣ್ಣ ಟರ್ಬೊ, ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡಲು ವೇಸ್ಟ್‌ಗೇಟ್ ಎಂಬ ಸೂತ್ರವನ್ನು ಜನಪ್ರಿಯ ಮಾಡಿದ್ದು 1977ರಲ್ಲಿ ಪ್ರದರ್ಶನಕ್ಕೆ ಬಂದ ಸ್ವೀಡನ್ನಿನ ಸಾಬ್ 99 ಟರ್ಬೊ. ಇವತ್ತಿಗೂ ಅದೇ ಸರಿ. ನಿಮಿಷಕ್ಕೆ 5 ಕಿಲೊ ಗಾಳಿ ಸಲೀಸಾಗಿ ಕೊಡುವ, ಒಳಗೇ ವೇಸ್ಟ್‌ಗೇಟ್ ಇರುವ ಪುಟ್ಟ ಟರ್ಬೊ 1.3 ಲೀಟರಿಗೆ ಸಾಕು.

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಾಗಲಿ, ಚೆನ್ನೈನ ಪುದುಪೇಟೆಯಲ್ಲಾಗಲಿ ರಾಶಿ ರಾಶಿ ಸಿಗುವುದು ಡೀಸೆಲ್ ಕಾರಿನ ಟರ್ಬೊಗಳು. ಬೆಲೆ ಕೇಳಿ ಮನಸ್ಸು ಹಿಗ್ಗುತ್ತದೆ. ಡೀಸೆಲ್ಲಿನ ಹೊಗೆಗಿಂತ ಪೆಟ್ರೋಲಿನ ಹೊಗೆ ಬಹಳ ಬಿಸಿ. ಪೂರ್ತಿ ಭಾರದಲ್ಲಿ 900 ಡಿಗ್ರಿ ದಾಟುತ್ತದೆ. ಡೀಸೆಲ್ ಟರ್ಬೊದ ಎರಕ ಆ ಶಾಖಕ್ಕೆ ಮಾಡಿದ್ದಲ್ಲ. ಅದರಲ್ಲೂ ಒಳಗೆ ಅಲುಗಾಡುವ ರೆಕ್ಕೆಗಳಿರುವ ವಿಜಿಟಿ ಮಾದರಿಯನ್ನು ಮುಟ್ಟಲೇಬಾರದು. ಶಾಖಕ್ಕೆ ರೆಕ್ಕೆಗಳು ಕಚ್ಚಿಕೊಂಡು ಬೂಸ್ಟ್ ಹತೋಟಿ ತಪ್ಪುತ್ತದೆ. ಹುಡುಕಬೇಕಾದ್ದು ಪೆಟ್ರೋಲ್ ಟರ್ಬೊ ಕಾರಿನಿಂದ ಕಳಚಿದ್ದು, ಸಾಧ್ಯವಾದರೆ ಆಯಿಲ್ ಜೊತೆಗೆ ನೀರಿನ ತಂಪೂ ಇರುವಂಥದ್ದು.

ಕೊಳ್ಳುವಾಗ ಬೆರಳಿಗೇ ಅರ್ಧ ಸತ್ಯ ಗೊತ್ತಾಗುತ್ತದೆ. ಗಾಳಿ ಎಳೆಯುವ ಬಾಯಿಯಲ್ಲಿ ಕಾಣುವ ಚಕ್ರದ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದು ನೋಡಬೇಕು. ಆ ದಿಕ್ಕಿನಲ್ಲಿ ಕೈಗೆ ತಿಳಿಯುವಷ್ಟು ಆಟವಿದ್ದರೆ ಅಲ್ಲೇ ಬಿಟ್ಟು ಬರಬೇಕು. ಅಡ್ಡಡ್ಡ ಅಲುಗಿಸಿದಾಗ ತುಸು ಆಟ ಇರುವುದು ಸಹಜ; ಆದರೆ ರೆಕ್ಕೆ ಗೋಡೆಗೆ ತಾಗಬಾರದು. ರೆಕ್ಕೆಯ ಅಂಚು ಮುಕ್ಕಾಗಿದ್ದರೆ ಹಿಂದೆ ಯಾವಾಗಲೋ ಧೂಳೋ ನಟ್ಟೋ ಒಳಗೆ ಹೋಗಿದೆ ಎಂದರ್ಥ. ಎರಡೂ ಕಡೆ ಹಸಿ ಆಯಿಲ್ ಇದ್ದರೆ ಸೀಲು ಹೋಗಿದೆ. ವರ್ಷಗಟ್ಟಲೆ ಪಿಕಪ್‌ಗಳ ಟರ್ಬೊ ಇಳಿಸಿ ಹತ್ತಿಸಿದ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ದರೆ ಇದಿಷ್ಟನ್ನೂ ನೋಡಲು ಅವರಿಗೆ ಅರ್ಧ ನಿಮಿಷ ಸಾಕು.

ಇಲ್ಲಿಂದ ನಿಜವಾದ ಖರ್ಚು. ಮೊದಲನೆಯದು ಇಂಧನ. ಹೆಚ್ಚು ಗಾಳಿ ತುಂಬಿದ ಮೇಲೆ ಅದಕ್ಕೆ ತಕ್ಕಷ್ಟು ಪೆಟ್ರೋಲೂ ಹೋಗಬೇಕು. ಹೋಗದಿದ್ದರೆ ಮಿಶ್ರಣ ತೆಳುವಾಗಿ, ಸ್ಪಾರ್ಕ್ ಹಚ್ಚುವ ಉರಿಯ ಜೊತೆಗೆ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ನಾಕಿಂಗ್ ಎನ್ನುತ್ತಾರೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಇದು ಟಕಟಕ ಸದ್ದು ಮಾಡಿ ಎಚ್ಚರಿಸುತ್ತದೆ. ಬೂಸ್ಟ್ ಇದ್ದಾಗ ಕೆಲವೇ ಕ್ಷಣದಲ್ಲಿ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯುತ್ತದೆ.

ಹಳೆಯ ಎಂಪಿಎಫ್‌ಐ ಕಾರುಗಳಲ್ಲಿ ಇಂಧನ, ಸ್ಪಾರ್ಕ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡವನ್ನು ಮ್ಯಾಪ್ ಸೆನ್ಸರಿನಿಂದ ಅಳೆಯುತ್ತದೆ. ಅದು ವಾತಾವರಣದ ಒತ್ತಡದವರೆಗೆ ಮಾತ್ರ ಓದಬಲ್ಲದು. ಟರ್ಬೊ ಅದನ್ನು ಮೀರಿದ ಕೂಡಲೇ ಇಸಿಯುಗೆ ಏನೂ ಕಾಣುವುದಿಲ್ಲ. ಆಗ ಕೆಲವರು ಇಂಧನದ ಒತ್ತಡ ಏರಿಸುವ ರೆಗ್ಯುಲೇಟರ್ ಒಂದನ್ನು ಹಾಕಿ ಸುಮ್ಮನಾಗುತ್ತಾರೆ. ಅದು ಪೆಟ್ರೋಲ್ ಹೆಚ್ಚಿಸುತ್ತದೆ, ಸ್ಪಾರ್ಕಿನ ಸಮಯವನ್ನು ಮಾತ್ರ ಇದ್ದಲ್ಲೇ ಬಿಡುತ್ತದೆ. ಬೂಸ್ಟಿನ ಪ್ರತಿ 0.07 ಬಾರ್‌ಗೆ ಸುಮಾರು ಒಂದು ಡಿಗ್ರಿ ಸ್ಪಾರ್ಕ್ ಹಿಂದೆ ಸರಿಯಬೇಕು ಎಂಬುದು ಅಂದಾಜಿನ ನಿಯಮ, 0.4 ಬಾರ್‌ಗೆ ಆರು ಡಿಗ್ರಿ. ಇದನ್ನು ಮಾಡಬಲ್ಲದ್ದು ಬೂಸ್ಟನ್ನು ಓದುವ ಮ್ಯಾಪ್ ಸೆನ್ಸರ್ ಮತ್ತು ಹೊಸದಾಗಿ ಟ್ಯೂನ್ ಮಾಡಬಹುದಾದ ಇಸಿಯು. ಇದರಲ್ಲಿ ಕಡಿಮೆ ಖರ್ಚಿನ ದಾರಿ ನಿಜಕ್ಕೂ ಇದೆ: ಮೆಗಾಸ್ಕ್ವರ್ಟ್, ಆರ್ಡುಯಿನೊ ಮೇಲೆ ಕಟ್ಟಿದ ಸ್ಪೀಡುಯಿನೊ ಮುಂತಾದವನ್ನು ಎಲೆಕ್ಟ್ರಾನಿಕ್ಸ್ ಬಲ್ಲ ಹುಡುಗರು ತಾವೇ ಜೋಡಿಸಿಕೊಳ್ಳಬಹುದು. ಪಾಲಿಟೆಕ್ನಿಕ್ ಕಲಿತವರಿಗೆ ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಕಲಿಸುವ ಭಾಗವೂ ಇದೇ.

ಇಂಜೆಕ್ಟರಿನ ಗಾತ್ರಕ್ಕೂ ಲೆಕ್ಕವಿದೆ. ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಐದನೇ ಒಂದು ಪಾಲು ಎಥೆನಾಲ್. ಬರಿ ಪೆಟ್ರೋಲಿನ ಒಂದು ಕಿಲೊಗೆ 14.7 ಕಿಲೊ ಗಾಳಿ ಸರಿಹೊಂದಿದರೆ ಇ20ಗೆ ಸುಮಾರು 13.5 ಸಾಕು, ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಬೂಸ್ಟಿನಲ್ಲಿ ಮಿಶ್ರಣವನ್ನು ಬೇಕೆಂದೇ ಗಟ್ಟಿಯಾಗಿ, ಲ್ಯಾಂಬ್ಡಾ (ಸರಿಹೊಂದುವ ಗಾಳಿಯನ್ನು 1 ಎಂದುಕೊಂಡಾಗಿನ ಅಳತೆ) 0.82ರ ಸುಮಾರಿಗೆ ಇಡಬೇಕು. ನಿಮಿಷಕ್ಕೆ 5 ಕಿಲೊ ಗಾಳಿಗೆ ನಾಲ್ಕೂ ಇಂಜೆಕ್ಟರ್ ಸೇರಿ ಸುಮಾರು 600 ಸಿಸಿ ಪೆಟ್ರೋಲ್ ಸುರಿಯಬೇಕಾಗುತ್ತದೆ. ಇಂಜೆಕ್ಟರನ್ನು 80 ಶೇಕಡಾಕ್ಕಿಂತ ಹೆಚ್ಚು ದುಡಿಸಬಾರದು ಎಂದರೆ ಒಂದೊಂದೂ ನಿಮಿಷಕ್ಕೆ ಕನಿಷ್ಠ 190 ಸಿಸಿಯದ್ದಾಗಬೇಕು, ತುಸು ದೊಡ್ಡದೇ ಇರಲಿ. ಹಳೆಯ ಕಾರಾದರೆ ಟ್ಯಾಂಕಿನ ಪಂಪಿನ ಒತ್ತಡವನ್ನೂ ರಬ್ಬರ್ ಪೈಪುಗಳನ್ನೂ ನೋಡಲೇಬೇಕು. ಎಥೆನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ.

ಮಿಶ್ರಣ ಸರಿಯಿದೆಯೇ ಎಂದು ಕಿವಿಯಿಂದ, ಪ್ಲಗ್ಗಿನ ಬಣ್ಣದಿಂದ ಹೇಳುವ ಕಾಲ ಇದಲ್ಲ. ಬಾಷ್ ಎಲ್‌ಎಸ್‌ಯು 4.9ರಂಥ ವೈಡ್‌ಬ್ಯಾಂಡ್ ಸೆನ್ಸರ್, ಅದರ ಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ದುಡ್ಡಿಲ್ಲವಾದರೆ ಟರ್ಬೊ ಕೊಳ್ಳುವುದನ್ನೇ ಮುಂದಕ್ಕೆ ಹಾಕಿ ಮೊದಲು ಇದನ್ನು ಕೊಳ್ಳಲಿ.

ಎರಡನೆಯದು ಶಾಖ. 35 ಡಿಗ್ರಿಯ ಗಾಳಿಯನ್ನು 1.4 ಪಟ್ಟು ಒತ್ತಿದರೆ ಟರ್ಬೊದಿಂದ ಹೊರಬರುವಾಗ ಅದು 80 ಡಿಗ್ರಿ ದಾಟಿರುತ್ತದೆ. ಅಷ್ಟು ಬಿಸಿ ಗಾಳಿ ನೇರ ಎಂಜಿನ್ನಿಗೆ ಹೋದರೆ ನಾಕಿಂಗ್ ಅಪಾಯ ಹೆಚ್ಚು. ಇದಕ್ಕೇ ಇಂಟರ್‌ಕೂಲರ್. ಘಾಟಿಯಲ್ಲಿ ಅದರ ಸಮಸ್ಯೆ ಬೇರೆ: ಕಬ್ಬಿನ ಲಾರಿಯ ಹಿಂದೆ ಮೊದಲ ಗೇರಿನಲ್ಲಿ ತೆವಳುವಾಗ ಕಾರಿನ ಮುಖಕ್ಕೆ ಗಾಳಿಯೇ ಬೀಸುವುದಿಲ್ಲ. ಭಾರ ಪೂರ್ತಿ, ತಂಪು ಸೊನ್ನೆ. ಹೆದ್ದಾರಿಯಲ್ಲಿ ಚೆನ್ನಾಗಿ ಓಡುವ ಜೋಡಣೆ ಹದಿನೈದನೇ ತಿರುವಿನಲ್ಲಿ ಬಿಸಿಯೇರುವುದು ಹೀಗೆ. ಆದ್ದರಿಂದ ಇಂಟರ್‌ಕೂಲರ್ ರೇಡಿಯೇಟರಿನ ಗಾಳಿಯನ್ನು ಪೂರ್ತಿ ಮುಚ್ಚದಂತೆ ಕೂರಿಸಬೇಕು, ಫ್ಯಾನು ಎರಡನ್ನೂ ದಾಟಿ ಗಾಳಿ ಎಳೆಯಬೇಕು, ಒಳಬರುವ ಗಾಳಿಯ ಉಷ್ಣತೆ 60 ಡಿಗ್ರಿ ಮೀರಿದರೆ ಇಸಿಯು ತಾನೇ ಸ್ಪಾರ್ಕ್ ಹಿಂದೆಳೆಯುವಂತೆ ಹೇಳಿಕೊಟ್ಟಿರಬೇಕು.

ಇಂಟರ್‌ಕೂಲರ್ ಬದಲು ನೀರು-ಮೆಥನಾಲ್ ಚಿಮುಕಿಸಿದರೆ ಅಗ್ಗವಲ್ಲವೇ ಎಂದು ಕೇಳುವವರಿದ್ದಾರೆ. ಅಮೆರಿಕದ ಓಲ್ಡ್ಸ್‌ಮೊಬೈಲ್ 1962ರಲ್ಲಿ ಅದನ್ನೇ ಮಾಡಿತ್ತು. ಅದರ ಜೆಟ್‌ಫೈರ್ ಕಾರು ಜಗತ್ತಿನ ಮೊದಲ ಟರ್ಬೊ ಪೆಟ್ರೋಲ್ ಕಾರುಗಳಲ್ಲೊಂದು. ಕಂಪ್ರೆಷನ್ ಅನುಪಾತವನ್ನು 10.25ಕ್ಕೇ ಬಿಟ್ಟು, ನಾಕಿಂಗ್ ತಡೆಯಲು ನೀರು-ಮೆಥನಾಲ್ ದ್ರವದ ಟ್ಯಾಂಕ್ ಇಟ್ಟರು. ಮಾಲೀಕರು ಅದನ್ನು ತುಂಬಿಸುವುದನ್ನು ಮರೆತರು. ಖಾಲಿಯಾದಾಗ ಬೂಸ್ಟ್ ನಿಲ್ಲುತ್ತಿತ್ತು. ಎರಡೇ ವರ್ಷದಲ್ಲಿ ಕಾರು ನಿಂತಿತು, ಮುಂದೆ ಟರ್ಬೊ ತೆಗೆಸಿ ಮಾಮೂಲಿ ಕಾರ್ಬ್ಯುರೇಟರ್ ಹಾಕಿಸಿಕೊಂಡವರೂ ಇದ್ದರು. ಚಾಲಕನ ನೆನಪಿನ ಮೇಲೆ ಎಂಜಿನ್ನಿನ ಜೀವ ನಿಲ್ಲಿಸುವ ಜೋಡಣೆ ಮನೆಯ ಗ್ಯಾರೇಜಿಗೆ ಹೇಳಿದ್ದಲ್ಲ. ಕಂಪ್ರೆಷನ್ ಅನುಪಾತದ ಮಾತೂ ಇಲ್ಲಿಯೇ ಬರುತ್ತದೆ: 9ರಿಂದ 9.5ರೊಳಗಿನ ಹಳೆಯ ಎಂಜಿನ್ ಸಣ್ಣ ಬೂಸ್ಟ್ ತಾಳುತ್ತದೆ. 12ಕ್ಕೆ 1 ಅನುಪಾತದ ಮಾರುತಿ ಡ್ಯುಯಲ್‌ಜೆಟ್‌ನಂಥ ಹೊಸ ಎಂಜಿನ್ನುಗಳನ್ನು ಬಿಟ್ಟುಬಿಡುವುದು ಲೇಸು.

ಮೂರನೆಯದು ಆಯಿಲ್. ಹೋಗುವ ದಾರಿ ಸುಲಭ: ಆಯಿಲ್ ಪ್ರೆಷರ್ ಸ್ವಿಚ್ಚಿನ ಜಾಗದಲ್ಲಿ ಒಂದು ಟಿ ಹಾಕಿ ಸಣ್ಣ ಪೈಪ್ ಎಳೆಯುವುದು. ಬರುವ ದಾರಿಯಲ್ಲಿ ತಪ್ಪುಗಳು ಆಗುತ್ತವೆ. ಟರ್ಬೊದಿಂದ ಆಯಿಲ್ ನೊರೆಯಾಗಿ, ಒತ್ತಡವಿಲ್ಲದೆ, ಬರಿ ಭಾರದಿಂದ ಕೆಳಗಿಳಿಯುತ್ತದೆ. ಆ ಪೈಪು 15 ಮಿಲಿಮೀಟರಿಗಿಂತ ಅಗಲವಿರಬೇಕು, ಎಲ್ಲೂ ಜೋಲದೆ ಇಳಿಜಾರಾಗಿಯೇ ಬಂದು ಸಂಪಿನ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಸಂಪ್ ಬಿಚ್ಚದೆ ಅಲ್ಲೇ ಡ್ರಿಲ್ ಹಾಕಿ ತೂತು ಕೊರೆದರೆ ಕಬ್ಬಿಣದ ಚೂರು ಬೇರಿಂಗಿಗೆ ಹೋಗುತ್ತದೆ. ಅರ್ಧ ದಿನದ ಕೂಲಿ ಉಳಿಸಿದಂತಾಗಿ ಇಡೀ ಎಂಜಿನ್ ಹೋಗುತ್ತದೆ.

ಮ್ಯಾನಿಫೋಲ್ಡಿಗೆ ಹೊರದೇಶದ ಸಾಮಾನು ಬೇಡ. ಉಗಿ ಪೈಪಿಗೆ ಬಳಸುವ ದಪ್ಪ ಗೋಡೆಯ ಶೆಡ್ಯೂಲ್ 40 ಎಂಎಸ್ ಬೆಂಡುಗಳು, 10ರಿಂದ 12 ಮಿಲಿಮೀಟರ್ ದಪ್ಪದ ಫ್ಲ್ಯಾಂಜ್ ಸಾಕು. ಫ್ಲ್ಯಾಂಜನ್ನು ಹಳೆಯ ಸಿಲಿಂಡರ್ ಹೆಡ್ಡಿಗೆ ಬಿಗಿದು ವೆಲ್ಡ್ ಮಾಡಬೇಕು, ಇಲ್ಲವಾದರೆ ಶಾಖಕ್ಕೆ ಸೊಟ್ಟಗಾಗುತ್ತದೆ. ಕೊನೆಗೆ ಮುಖವನ್ನು ಮಿಲ್ಲಿಂಗಿಗೆ ಕೊಟ್ಟು ಸಮ ಮಾಡಿಸಬೇಕು. ಪಂಪು, ಮೋಟಾರು, ಎರಕದ ಊರಾದ ಕೊಯಮತ್ತೂರಿನಲ್ಲಿ ಇದಕ್ಕೆ ಹುಡುಕಾಡಬೇಕಾಗಿಲ್ಲ. ಟರ್ಬೊದ ಭಾರ ಮ್ಯಾನಿಫೋಲ್ಡಿನ ಮೇಲೇ ನೇತಾಡದಂತೆ ಒಂದು ಆಧಾರ, ಕೆಳಗಿನ ಪೈಪಿಗೆ ಬಾಗುವ ಬೆಲ್ಲೋಸ್, ಬ್ರೇಕ್ ಆಯಿಲ್ ಡಬ್ಬಿಗೂ ವೈರಿಂಗಿಗೂ ಪೆಟ್ರೋಲ್ ಪೈಪಿಗೂ ಅಡ್ಡವಾಗಿ ತಗಡಿನ ಶಾಖತಡೆ. ಕೊನೆಯದನ್ನು ಬಿಟ್ಟರೆ ಬೆಂಕಿ.

ಸದ್ದಿನ ಬಗ್ಗೆ ಒಂದು ಮಾತು. ಬೂಸ್ಟ್ ಗಾಳಿಯನ್ನು ಹೊರಗೆ ಬಿಟ್ಟು ಉಸ್ಸೆನ್ನಿಸುವ ಬ್ಲೋ-ಆಫ್ ವಾಲ್ವ್ ಹುಡುಗರಿಗೆ ಇಷ್ಟ. ತಾಳವಾಡಿ ಸೀಮೆಯ ಸುತ್ತ ಇರುವುದು 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಹಾಸನೂರು, ಕಾರಪಳ್ಳಂ ಕಡೆ ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಗಳ ಪಕ್ಕ ಅಂಥ ಸದ್ದು ಮಾಡುವುದು ತಪ್ಪು, ಅಪಾಯ ಕೂಡ. ಗಾಳಿಯನ್ನು ಮರಳಿ ಒಳಕ್ಕೇ ಕಳಿಸುವ ವಾಲ್ವಿಗೂ ಅಷ್ಟೇ ಖರ್ಚು. ಸೈಲೆನ್ಸರ್ ಪೂರ್ತಿ ಇರಲಿ. ಬೇಸಿಗೆಯಲ್ಲಿ ಬಿಸಿ ಎಕ್ಸಾಸ್ಟ್ ಹೊತ್ತ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬಾರದು.

ಕೆಲಸದ ಕ್ರಮವೂ ದುಡ್ಡು ಉಳಿಸುತ್ತದೆ. ಮೊದಲು ಎಂಜಿನ್ನಿನ ಕಂಪ್ರೆಷನ್ ಅಳೆಯಬೇಕು. ನಾಲ್ಕು ಸಿಲಿಂಡರುಗಳ ನಡುವೆ ಹತ್ತು ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಟರ್ಬೊ ಮಾತು ಅಲ್ಲಿಗೇ ನಿಲ್ಲಲಿ, ಆ ದುಡ್ಡು ಎಂಜಿನ್ ಕೆಲಸಕ್ಕೆ ಹೋಗಲಿ. ಎರಡನೇ ಹಂತದಲ್ಲಿ ಹೊಸ ಇಸಿಯು, ಇಂಜೆಕ್ಟರ್, ವೈಡ್‌ಬ್ಯಾಂಡ್ ಹಾಕಿ ಟರ್ಬೊ ಇಲ್ಲದೆಯೇ ಕಾರು ಸರಿಯಾಗಿ ಓಡುವಂತೆ ಮಾಡಬೇಕು. ಬಹಳಷ್ಟು ಯೋಜನೆಗಳು ಕೆಡುವುದು ಎಲ್ಲವನ್ನೂ ಒಂದೇ ವಾರ ಜೋಡಿಸಿ, ತೊಂದರೆ ಬಂದಾಗ ಎಲ್ಲಿಂದ ಬಂತು ಎಂದು ತಿಳಿಯದೆ ಒದ್ದಾಡುವುದರಿಂದ. ಮೂರನೇ ಹಂತದಲ್ಲಿ ಟರ್ಬೊ, ವೇಸ್ಟ್‌ಗೇಟಿನ ಸ್ಪ್ರಿಂಗ್ ಕೊಡುವಷ್ಟೇ ಬೂಸ್ಟ್, ಅದು ಮೀರಿದರೆ ಇಂಧನ ಕಡಿಯುವ ಮಿತಿ. ಟ್ಯೂನಿಂಗ್ ಡೈನೊ ಮೇಲೆ. ಒಟ್ಟು ಬಜೆಟ್ಟಿನ ಕಾಲು ಭಾಗವನ್ನು ಮುಟ್ಟದೆ ಹಾಗೇ ಇಟ್ಟಿರಬೇಕು. ಹೆಡ್ ಗ್ಯಾಸ್ಕೆಟ್ಟೋ ಕ್ಲಚ್ಚೋ ಅದನ್ನು ಕೇಳಿಯೇ ಕೇಳುತ್ತದೆ.

ಇಷ್ಟೆಲ್ಲ ಬರೆದು ಕೂಡಿಸಿದ ಮೇಲೆ ಅನೇಕರಿಗೆ ಇನ್ನೊಂದು ದಾರಿ ಹಗುರ ಎನ್ನಿಸುತ್ತದೆ. ಟಿಯಾಗೊ ಜೆಟಿಪಿ ಹೊಸತಿದ್ದಾಗಲೇ 6.39 ಲಕ್ಷ ರೂಪಾಯಿ. ಬಿಎಸ್6 ಹೊಗೆ ನಿಯಮ ಬಂದ 2020ರ ಹೊತ್ತಿಗೆ ನಿಂತಿತು, ಹಳೆಯದು ಅಪರೂಪಕ್ಕೆ ಸಿಗುತ್ತದೆ. 2017ರಲ್ಲಿ ಬಂದ ಬಲೆನೊ ಆರ್‌ಎಸ್‌ನ ಒಂದು ಲೀಟರ್ ಬೂಸ್ಟರ್‌ಜೆಟ್ ಎಂಜಿನ್ 102 ಪಿಎಸ್ ಕೊಡುತ್ತದೆ. ಪೋಲೊ ಜಿಟಿ ಟಿಎಸ್‌ಐ, ಲೀನಿಯಾ ಟಿ-ಜೆಟ್, ಮೊದಲ ತಲೆಮಾರಿನ ನೆಕ್ಸಾನ್ ಪೆಟ್ರೋಲ್ ಕೂಡ ಹಳೆ ಕಾರಿನ ಪೇಟೆಯಲ್ಲಿವೆ. ಆರ್‌ಸಿಗೂ ವಿಮೆಗೂ ತಕರಾರಿಲ್ಲ. ಇಂಥ ಕಾರು ನೋಡುವಾಗ ಆಯಿಲ್ ಬದಲಿಸಿದ ದಾಖಲೆ ಕೇಳಬೇಕು, ಬೆಳಿಗ್ಗೆ ತಣ್ಣಗಿರುವ ಎಂಜಿನ್ ಹೊತ್ತಿಸಿ ನೀಲಿ ಹೊಗೆ ಬರುತ್ತದೆಯೇ ನೋಡಬೇಕು, ಇಂಟರ್‌ಕೂಲರ್ ಪೈಪ್ ಕಳಚಿ ಒಳಗೆ ಆಯಿಲ್ ನಿಂತಿದೆಯೇ ಎಂದು ಬೆರಳಾಡಿಸಬೇಕು.

ಟರ್ಬೊ ಕಾರಿನಲ್ಲಿ ಘಾಟಿ ಹತ್ತಿ ದಿಂಬಂನಲ್ಲಿ ಚಹಾಕ್ಕೆ ನಿಲ್ಲಿಸಿದವರು ಕೂಡಲೇ ಕೀ ತಿರುಗಿಸಬಾರದು. ಆಯಿಲ್ ಹರಿಯುವುದು ನಿಂತರೆ ಕಾದ ಬೇರಿಂಗಿನಲ್ಲಿ ಉಳಿದದ್ದು ಸುಟ್ಟು ಕರಿಯಾಗುತ್ತದೆ. ಒಂದೆರಡು ನಿಮಿಷ ಎಂಜಿನ್ ಹಾಗೇ ಓಡುತ್ತಿರಲಿ. ಇಳಿಯುವಾಗ ಟರ್ಬೊದಿಂದ ಏನೂ ನೆರವಿಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಬೇಕು. ಮುಂದಿನ ಡಿಸ್ಕು ಮತ್ತು ಪ್ಯಾಡುಗಳ ಖರ್ಚನ್ನು ಯೋಜನೆಯ ಪಟ್ಟಿಯಲ್ಲಿ ಟರ್ಬೊಗಿಂತ ಮೇಲಿನ ಸಾಲಿನಲ್ಲಿ ಬರೆದಿಡಬೇಕು.